ಎಡಗಾಲು ಊರದವಳು

ಬೀದಿಯವರೆಲ್ಲ ಓಟದಕ್ಕ ಎಂದೇ ಕರೆಯುತ್ತಿದ್ದ ಆಕೆಗೆ ಕೆಲಸ ಮೀನಂಗಡಿಯ ಹಿಂದಿನ ಕೋಣೆಯಲ್ಲಿ. ಹುರುಪೆ ಕೆರೆದು, ಹೊಟ್ಟೆ ಸೀಳಿ, ಕರುಳು ಕಿತ್ತು ಕೊಡಬೇಕು. ಎಷ್ಟು ಸೋಪು ಉಜ್ಜಿದರೂ ಆ ನಾತ ಮೈ ಬಿಡುತ್ತಿರಲಿಲ್ಲ. ಬೆಳಗ್ಗೆ ಎದ್ದು ಬೆವರು ಕಿತ್ತುಬರುವಂತೆ ಓಡಿದರೆ ಮಾತ್ರ ತನ್ನ ಮೈ ತನ್ನದು ಅನ್ನಿಸುತ್ತಿತ್ತು.

ಅಂಥವಳಿಗೆ ಬಲ ಮೊಣಕಾಲಿನ ಹೊರಮಗ್ಗುಲು ನೋಯತೊಡಗಿತು. ಸುಮ್ಮನಿದ್ದರೆ ಮಾಯ, ಓಡಿದರೆ ಚೂರಿ ಇರಿದಂತೆ. ಪಟ್ಟಿ ಕಟ್ಟಿದಳು, ಬೂಟು ಬದಲಿಸಿದಳು, ಮುಲಾಮು ಬಳಿದಳು. ಮುಲಾಮಿನ ಘಾಟು ಮೀನಿನ ನಾತಕ್ಕೆ ಬೆರೆತು ಅವಳಿಗೇ ವಾಕರಿಕೆ ಬಂತು.

"ಅತ್ತಿಗೆ, ನಿಮಗಿಂತ ಮುಂಚೆ ನಿಮ್ಮ ಮೊಣಕಾಲು ಮನೆಯೊಳಗೆ ಬರುತ್ತೆ," ಎಂದು ನಾದಿನಿ ಮೂಗು ಮುಚ್ಚಿಕೊಂಡಳು. ಮರುದಿನ ತಾನೇ ಫಿಸಿಯೋ ಬಳಿ ಎಳೆದುಕೊಂಡು ಹೋದಳು.

ಫಿಸಿಯೋ ಒಬ್ಬ ನಿಧಾನದ ಹೆಂಗಸು. ಮೊಣಕಾಲು ಮುಟ್ಟಿ ನೋಡಿದವಳು ಕೈಯನ್ನು ಸೊಂಟದ ಮಗ್ಗುಲಿಗೆ ಒಯ್ದು ಒತ್ತಿದಳು. ಓಟದಕ್ಕ ಚೀರಿದಳು.

"ಇಲ್ಲಿನ ಸ್ನಾಯು ಸೋತು ಹೋಗಿದೆ. ಕೆಲಸದಲ್ಲಿ ಹೇಗೆ ನಿಲ್ತೀರಾ? ಒಂಚೂರು ನಿಂತು ತೋರಿಸಿ."

ಓಟದಕ್ಕ ಎಡಗಾಲನ್ನು ಸ್ಟೂಲಿನ ಮೇಲಿಟ್ಟು, ಭಾರವನ್ನೆಲ್ಲ ಬಲಸೊಂಟಕ್ಕೆ ಹೇರಿ, ಓರೆಯಾಗಿ ನಿಂತಳು.

"ದಿನವಿಡೀ ಹೀಗೇನಾ? ಯಾಕೆ?"

"ಎಡಗಡೆ ಮೋರಿ ಮೇಡಂ. ಕಟ್ಟಿಕೊಂಡು ಕಪ್ಪು ನೀರು ನಿಂತಿರುತ್ತೆ. ಒಂದು ಸಲ ಚಪ್ಪಲಿ ಜಾರಿ ಕಾಲು ಅದರೊಳಗೆ ಹೋಯ್ತು. ಕೊಳೆತ ಕರುಳು ಬೆರಳಸಂದಿಗೆಲ್ಲ ಸುತ್ತಿಕೊಳ್ತು. ಆವತ್ತಿಂದ ಆ ಕಾಲು ಕೆಳಗಿಡೋಕೆ ಮನಸ್ಸೇ ಬರಲ್ಲ."

ನಾದಿನಿ ಸೆರಗು ಬಾಯಿಗಿಟ್ಟುಕೊಂಡಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದೀರಿ," ಎಂದಳು ಫಿಸಿಯೋ. "ಸೊಂಟಕ್ಕೆ ವ್ಯಾಯಾಮ ಹೇಳಿಕೊಡ್ತೀನಿ. ಆದ್ರೆ ಎರಡೂ ಕಾಲು ನೆಲಕ್ಕೂರದೆ ಇದು ಹೋಗಲ್ಲ."

ಮೋರಿ ಬಿಡಿಸಿ ಎಂದು ಕೇಳಿದಾಗ ಅಂಗಡಿ ಮಾಲೀಕ ಕಡ್ಡಿಯಿಂದ ಹಲ್ಲಿನ ಸಂದಿ ಕೆದಕುತ್ತಿದ್ದ. ಸಿಕ್ಕಿದ್ದನ್ನು ನೋಡಿ ಮತ್ತೆ ಬಾಯಿಗೇ ಹಾಕಿಕೊಂಡ. "ಮೀನಂಗಡೀಲಿ ಮಲ್ಲಿಗೆ ವಾಸನೆ ಬೇಕೇನಮ್ಮ ನಿಂಗೆ?"

ಅವಳು ಹಿಂದಿನ ಕೋಣೆಯಿಂದ ಮೀನು ಸೀಳುವ ಮೇಜನ್ನು ದರದರ ಎಳೆದುಕೊಂಡು ಬಂದು ಗಿರಾಕಿಗಳ ಮುಂದೆಯೇ ನಿಲ್ಲಿಸಿ, ದೊಡ್ಡದೊಂದು ಮೀನಿನ ಹೊಟ್ಟೆ ಸೀಳಿದಳು. ಕರುಳಿನ ಮುದ್ದೆ ಪಚಕ್ಕೆಂದು ಬಿತ್ತು. ಚೀಲ ಹಿಡಿದು ನಿಂತಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು.

ಮಾಲೀಕ ಬಯ್ಯುತ್ತಲೇ ಹಾರೆ ತಂದ. ಮೋರಿಯ ಕಲ್ಲು ಎತ್ತಿದಾಗ ಹುರುಪೆ, ಕೂದಲು, ಜಿಡ್ಡು ಹೆಪ್ಪುಗಟ್ಟಿದ ಕಂಬಳಿಯಂಥದೊಂದು ಮೇಲೆದ್ದು ಬಂತು. ಅದರ ತುಂಬ ಬಿಳಿ ಹುಳ ಮಿಜಿಮಿಜಿ ಎನ್ನುತ್ತಿದ್ದವು. ಅವನು ಹೊಸ್ತಿಲು ದಾಟುವಷ್ಟರಲ್ಲಿ ವಾಂತಿ ಮಾಡಿಕೊಂಡ. ಅವಳಿಗೆ ಮರುಕ ಹುಟ್ಟಲಿಲ್ಲ. ಇಂಥದ್ದರ ಪಕ್ಕ ಇಷ್ಟು ಕಾಲ ಕೊಕ್ಕರೆಯಂತೆ ನಿಂತೆನಲ್ಲ ಎಂದು ತನ್ನ ಮೇಲೇ ಹೇಸಿಕೆಯಾಯಿತು.

ವ್ಯಾಯಾಮಕ್ಕಿಂತ ಕಷ್ಟವಾದದ್ದು ತೊಳೆದ ನೆಲಕ್ಕೆ ಎಡಗಾಲು ಊರುವುದು. ಊರಿದಳು. ಓಡುವಾಗಿನ ನೋವು ದಿನದಿನಕ್ಕೆ ತಡವಾಗಿ ಬರತೊಡಗಿ, ಕೊನೆಗೊಂದು ಬೆಳಗ್ಗೆ ಬರಲೇ ಇಲ್ಲ. ಮಾಲೀಕನ ಬಾಯಲ್ಲಿ ಕಡ್ಡಿ ಕಂಡರೆ ಮಾತ್ರ ಅವಳು ಈಗಲೂ ಮುಖ ತಿರುಗಿಸುತ್ತಾಳೆ.