ನಂಜುಂಡಪ್ಪನವರ ಟೊಮೇಟೊ ಗಿಡಗಳು

ಮಳೆಗಾಲದಲ್ಲೊಮ್ಮೆ ನಂಜುಂಡಪ್ಪನವರ ಖಾಕಿ ಅಂಗಿಯ ಜೇಬಿನಲ್ಲಿ ಹಾಗಲಬೀಜ ಮೊಳೆತಿತ್ತು. ಅವರು ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯವರು. ಪಾವಗಡದ ಬಸ್ಸು ಓಡಿಸಿ ನಿವೃತ್ತರಾಗಿದ್ದರೂ ಖಾಕಿ ಬಿಟ್ಟಿರಲಿಲ್ಲ. ಬಚ್ಚಲ ಮೂಲೆಯಲ್ಲಿ ಮರೆತು ಬಿದ್ದಿದ್ದ ಒದ್ದೆ ಅಂಗಿಯಿಂದ ಹೆಂಡತಿ ಗಿರಿಜಮ್ಮ ಆ ಮೊಳಕೆಯನ್ನು ಎತ್ತಿ ತೋರಿಸಿದಾಗ, "ಬೇರು ಮುರ್ದೀಯ, ಮೆಲ್ಲುಕ್ ಹಿಡ್ಕೊ" ಅಂದರಂತೆ.

ಅಂಗಡಿಯಿಂದ ತಂದ ಯಾವ ಕಾಯಿಯೂ ಅವರಿಗೆ ಬರೀ ಸಾರಿಗಲ್ಲ. ಒಂದನ್ನು ಎತ್ತಿಟ್ಟು, ಪೂರ್ತಿ ಹಣ್ಣಾಗಲು ಬಿಟ್ಟು, ಬೀಜ ತೊಳೆದು ಹಳೇ ಪಂಚೆಯ ಮೇಲೆ ಹರಡುತ್ತಿದ್ದರು. ಕೆಲಸದಲ್ಲಿದ್ದಾಗಲೂ ಅಷ್ಟೇ. ಮಿಡಿಗೇಶಿಯಲ್ಲಿ ಬಸ್ಸು ನಿಂತರೆ ಇಳಿದುಹೋಗಿ ತರಕಾರಿ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರಂತೆ. ಕಂಡಕ್ಟರ್ ಬಂದು ಭುಜ ಅಲುಗಿಸಬೇಕಿತ್ತು.

ಎಳೆಯದನ್ನು ಬಿಟ್ಟು, ಬಲಿತು ಹಳದಿಗೆ ತಿರುಗಿದ ಬದನೆಯನ್ನೇ ಹುಡುಕುವ ಇವರನ್ನು ಕಂಡು ಸಂತೆಯ ಹೆಂಗಸೊಬ್ಬಳು ಮರುಗಿಬಿಟ್ಟಳು. "ತಗಳಪ್ಪೋ, ಕಾಸೇನ್ ಬ್ಯಾಡ" ಎಂದು ಬಾಡಿದ್ದನ್ನೆಲ್ಲ ಚೀಲಕ್ಕೆ ಸುರಿದು, ಮೇಲೆ ಕರಿಬೇವನ್ನೂ ಇಟ್ಟಳು. ಪಿಂಚಣಿ ಬರುವ ಮನುಷ್ಯ ಕೈಮುಗಿದು ತಂದರು. ನಾನು ನಕ್ಕರೆ, "ನೀನು ನಗು ಬುಡು. ಅವ್ಳು ಕೊಟ್ಟಿದ್ರಾಗೆ ಒಂದು ತೋಟ್ವೇ ಐತೆ" ಅಂದರು.

ಗಿರಿಜಮ್ಮನವರು ದೊಡ್ಡ ಕಾಯಿಲೆಯಿಂದ ಎದ್ದ ವರ್ಷ ಹಿತ್ತಲ ತೋಟವೆಲ್ಲ ಟೊಮೇಟೊ ಆಯಿತು. ಅವರ ನಾಲಿಗೆ ಸತ್ತುಹೋಗಿತ್ತು. ಗಂಜಿಯೂ ಇಳಿಯದೆ ದಿನದಿನಕ್ಕೆ ಸವೆಯುತ್ತಿದ್ದರು. ಒಂದು ಮಧ್ಯಾಹ್ನ ಅಂಗಡಿಯ ಟೊಮೇಟೊ ಹಾಕಿ ಮಾಡಿದ ಸಾರನ್ನು ಮಾತ್ರ ಎರಡನೇ ಸಲ ಬಡಿಸಿಕೊಂಡರು. ಬುಟ್ಟಿಯಲ್ಲಿ ಅಂಥದ್ದು ಒಂದೇ ಹಣ್ಣು ಉಳಿದಿತ್ತು, ಅಂಗಡಿಗೆ ಮತ್ತೆ ಬರಲಿಲ್ಲ. ನಂಜುಂಡಪ್ಪನವರು ಅದರ ಬೀಜ ಹಾಕಿದರು.

ಅದು ಹೈಬ್ರಿಡ್ ಹಣ್ಣು, ಅಂಥದರ ಬೀಜ ತಾಯಿಯಂತೆ ಬರುವುದಿಲ್ಲ. ಒಂದು ಗಿಡದಲ್ಲಿ ಉದ್ದ ಹಣ್ಣು, ಒಂದರಲ್ಲಿ ಗೋಲಿಯಷ್ಟು, ಇನ್ನೊಂದು ಬರೀ ಎಲೆ. ಬೆಟ್ಟದ ನೆರಳು ಹಿತ್ತಲಿಗೆ ಇಳಿಯುವ ಸಂಜೆ, ಟೊಮೇಟೊ ಎಲೆಯ ವಾಸನೆಯಲ್ಲಿ ಅವರು ಗಿಡದಿಂದ ಗಿಡಕ್ಕೆ ಕನಸಿನಲ್ಲಿದ್ದವರಂತೆ ಓಡಾಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದೊಂದು ಗಿಡದ ಹಣ್ಣಿಗೂ ಬೇರೆ ಸಾರು ಮಾಡಿ, ಸೌಟು ಹಿಡಿದೇ ನಿಂತು ಕೇಳುತ್ತಿದ್ದರು: "ಇದಾ ಗಿರಿಜಾ?" ಮೊದಮೊದಲು ಗಿರಿಜಮ್ಮ ಅಲ್ಲವೆಂದು ತಲೆಯಾಡಿಸಿ ತಟ್ಟೆ ಸರಿಸುತ್ತಿದ್ದರು. ಒಂದು ದಿನ ಗಂಡನ ಮುಖವನ್ನೇ ನೋಡಿ, "ಇದೇ ಕಣ್ರೀ" ಎಂದು ಇನ್ನೊಂದು ತುತ್ತು ಕಲಸಿದರು. ಅಂದಿನಿಂದ ಊಟ ಹಿಡಿಯಿತು.

ಮರುವರ್ಷ ಆ ಗಿಡದ ಬೀಜ ಬೇರೆಯೇ ಹಣ್ಣು ಕೊಟ್ಟಿತು. ಆಗಲೂ "ಇದೇ ಕಣ್ರೀ". ಅದರ ಮುಂದಿನ ವರ್ಷ ಇನ್ನೊಂದು ರೂಪ, ಮತ್ತೆ "ಇದೇ". ಪ್ರತಿಸಲ ಬೇರೆ ಹಣ್ಣು, ಅದೇ ರುಚಿ ಹೇಗೆ ಎಂದು ನಾನು ಕೆಣಕಿದೆ. ನಂಜುಂಡಪ್ಪನವರು ಗಿಡಕ್ಕೆ ಕೋಲು ಕಟ್ಟುತ್ತಲೇ, "ಉಣ್ತಾವ್ಳಲ್ಲ, ಸಾಕು ಬುಡಪ್ಪ" ಅಂದರು.

ಈ ಬೇಸಿಗೆಯಲ್ಲಿ ಅವರು ಹೋದರು. ಅವರು ಹಾಕಿದ್ದ ಗಿಡಗಳು ಹಣ್ಣು ಬಿಟ್ಟಾಗ ನಮ್ಮ ಮನೆಯಲ್ಲೇ ಸಾರು ಮಾಡಿ ಗಿರಿಜಮ್ಮನವರಿಗೆ ಒಯ್ದು ಬಡಿಸಿದೆ. ಒಂದು ತುತ್ತು ಉಂಡು ತಟ್ಟೆ ಸರಿಸಿದರು.

"ಇದಲ್ಲ ಕಣಪ್ಪ" ಅಂದರು.