ಬೀಜದ ಮುಡಿಯ ಮೇಲೆ ಕೂತ ಕ್ಯಾಮೆರಾ

ಹಕ್ಕಿಯ ಫೋಟೊ ತೆಗೆಯುವಾಗ ನಡುಗುವುದು ಹಕ್ಕಿಯೋ, ಕ್ಯಾಮೆರಾವೋ, ನೀವೋ? ನಿಧಾನವಾಗಿ ಯೋಚಿಸಿ ಹೇಳಿ. ನಾನು ಒಂದೇ ಬೆರಳಲ್ಲಿ ಫೋನು ಒತ್ತಿ ಬರೆಯುವವಳು, ನನಗೇನೂ ಅವಸರವಿಲ್ಲ.

ಆ ಬೇಸಗೆಯಲ್ಲಿ ನಡುಗಿದ್ದು ಮಾತ್ರ ನಾನು.

ಅರವತ್ತರ ದಶಕದ ಕೊನೆ. ಮದುವೆಯಾಗಿ ಗಂಗೊಳ್ಳಿ ಹೊಳೆಯ ಬದಿಯ ಮನೆಗೆ ಬಂದು ಎರಡನೆಯ ವರ್ಷ. ಬಿತ್ತನೆಯ ಬೀಜವನ್ನು ಅತ್ತೆ ಮೊದಲ ಸಲ ನನ್ನ ಕೈಗೆ ಒಪ್ಪಿಸಿದ್ದರು. ಭತ್ತವನ್ನು ಒಣಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಲ್ಲಿ ಗುಂಡಗೆ ಬಿಗಿದ ಸಣ್ಣ ಮುಡಿ ಅಟ್ಟದ ಮೇಲಿತ್ತು. ಇಲಿ ಮುಟ್ಟಬಾರದು, ನೀರು ತಾಗಬಾರದು. ಬೀಜ ಕೆಟ್ಟರೆ ಗದ್ದೆ ಬರಿದು, ಮನೆಮನೆಗೆ ಹೋಗಿ ಬೀಜ ಕೇಳುವ ಅವಮಾನ ಸೊಸೆಯ ತಲೆಗೆ.

ಆಗ ಮೈದುನ ಬೊಂಬಾಯಿಯಿಂದ ಬಂದ. ಅಲ್ಲಿ ಅವನಿಗೆ ಫೋಟೊ ಸ್ಟುಡಿಯೊದಲ್ಲಿ ಕೆಲಸ. ಸ್ಟುಡಿಯೊ ಯಜಮಾನರ ಕ್ಯಾಮೆರಾ, ಮೊಣಕೈ ಉದ್ದದ ಲೆನ್ಸು, ಮೂರು ಕಾಲಿನ ಸ್ಟ್ಯಾಂಡು ಎಲ್ಲ ಕೇಳಿ ತಂದಿದ್ದ. ಹೊಳೆ ಕಡಲಿಗೆ ಸೇರುವ ಅಳಿವೆಯ ಕೆಸರಿಗೆ ಬರುವ, ಬಾಗಿದ ಉದ್ದ ಕೊಕ್ಕಿನ ಹಕ್ಕಿಯ ಫೋಟೊ ಬೇಕಿತ್ತು ಅವನಿಗೆ.

ಮೊದಲ ದಿನ ಸ್ಟ್ಯಾಂಡಿನ ಕಾಲುಗಳು ಕೆಸರಲ್ಲಿ ಹೂತುಹೋದವು. ಮರುದಿನ ಕಾಲುಗಳಡಿ ತೆಂಗಿನ ಗೆರಟೆ ಕವುಚಿ ಇಟ್ಟೆವು. ನಿಂತಿತು, ಆದರೆ ಅಷ್ಟರಲ್ಲಿ ಹಕ್ಕಿ ನಮ್ಮನ್ನು ಕಂಡು ಹಾರಿತು. ದೋಣಿಯಲ್ಲಿ ಹೋದರೆ ಅದು ಹೆದರುವುದಿಲ್ಲ. ಆದರೆ ನಮ್ಮ ಸಣ್ಣ ದೋಣಿಯಲ್ಲಿ ಮೂರು ಕಾಲು ಊರಲು ಜಾಗವೆಲ್ಲಿ? ಮರಳಿನ ಚೀಲದ ಮೇಲೆ ಇಡೋಣವೆಂದರೆ ಲೆನ್ಸಿಗೆ ಮರಳು ಹೋಗುತ್ತದೆಂದು ಅವನಿಗೆ ಭಯ. ದಿಂಬು ಲೆನ್ಸಿನ ಭಾರಕ್ಕೆ ಒಂದು ಬದಿಗೆ ಕುಸಿಯಿತು. ಮೈದುನ ಮುಖ ಸಣ್ಣ ಮಾಡಿ ಕೂತ.

ನನ್ನ ಬಾಯಿ ಸುಮ್ಮನಿರಲಿಲ್ಲ. ಭಾರವೂ ಇರಬೇಕು, ಮೇಲೆ ಸ್ವಲ್ಪ ಮೆತ್ತಗೂ ಇರಬೇಕು ಎಂದರೆ ಮುಡಿಯೇ ಸರಿ ಎಂದೆ. ಊಟದ ಅಕ್ಕಿಯ ಮುಡಿಗಳು ನಮ್ಮಿಂದ ಹೊರಲಾಗದಷ್ಟು ದೊಡ್ಡವು. ಉಳಿದದ್ದು ಅಟ್ಟದ ಸಣ್ಣ ಮುಡಿ. ಅತ್ತೆ ಶಿರೂರಿನ ತವರಿಗೆ ಹೋಗಿದ್ದರು.

"ಅದ್ ಬೀಜದ್ದಲ್ದಾ ಅತ್ತಿಗೆ? ಅಮ್ಮಂಗ್ ಗೊತ್ತಾರೆ?" ಎಂದ.

"ಅಮ್ಮ ಬಪ್ಪುದ್ ನಾಡಿದ್ದ್. ಮುಡಿ ಎಂತ ಬಾಯ್ ಬಿಡತ್ತಾ?" ಎಂದೆ.

ದೋಣಿಯ ಅಡ್ಡಹಲಗೆಯ ಮೇಲೆ ಮುಡಿ ಇಟ್ಟು ಹಿಂದಿನಿಂದ ತಬ್ಬಿ ಕೂತೆ. ಕ್ಯಾಮೆರಾ ಅದರ ಮೇಲೆ ಒರಗಿ ಅಲ್ಲಾಡದೆ ನಿಂತಿತು. ಹಕ್ಕಿ ಕೆಸರಿಗೆ ಕೊಕ್ಕು ಚುಚ್ಚುತ್ತ ಹತ್ತಿರ ಬಂತು. ನಾನು ಉಸಿರು ಬಿಗಿಹಿಡಿದೆ. ಕ್ಯಾಮೆರಾ ನಾಲ್ಕು ಸಲ ಟಕ್ ಎಂದಿತು. ಅಷ್ಟರಲ್ಲಿ ಬಂದರಿನಿಂದ ಹೊರಟ ಯಂತ್ರದ ದೋಣಿಯ ಅಲೆ ನಮ್ಮನ್ನು ಎತ್ತಿ ಹಾಕಿತು. ಅವನು ಕ್ಯಾಮೆರಾವನ್ನು ಎದೆಗವಚಿಕೊಂಡ. ನಾನು ದೋಣಿಯ ಅಂಚು ಹಿಡಿದೆ. ಹೌದು, ಮುಡಿಯನ್ನು ಬಿಟ್ಟೆ. ಅದು ಉರುಳಿ, ದೋಣಿಯ ತಳದಲ್ಲಿ ನಿಂತಿದ್ದ ನೀರಿಗೆ ಬಿತ್ತು.

ಮನೆಗೆ ತಂದು ಹುಲ್ಲನ್ನು ನೆಕ್ಕಿ ನೋಡಿದೆ. ಉಪ್ಪು. ಒಳಗೆ ಎಷ್ಟು ಇಳಿದಿದೆಯೋ ತಿಳಿಯದು; ಬಿಚ್ಚಿದರೆ ಮತ್ತೆ ಕಟ್ಟಲು ನನಗೆ ಬಾರದು. ಮುಡಿ ಕಟ್ಟುವವರನ್ನು ಕರೆದರೆ ಊರಿಗೇ ಸುದ್ದಿ. ಬಿಸಿಲಿಗಿಟ್ಟೆ. ಒದ್ದೆಯಾದ ಕಡೆ ಬೆರಳು ತೂರಿಸಿ ಒಂದು ಹಿಡಿ ಭತ್ತ ತೆಗೆದು, ಮುಡಿಯನ್ನು ಅಟ್ಟಕ್ಕೇರಿಸಿದೆ. ತೆಗೆದ ಭತ್ತವನ್ನು ಬಾವಿಯ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಬಚ್ಚಲಿನ ಹಂಡೆಯ ಹಿಂದೆ ಅಡಗಿಸಿಟ್ಟೆ. ಮೊಳಕೆ ಬಂದರೆ ಬೀಜ ಬದುಕಿದೆ, ನಾನೂ ಬದುಕಿದೆ.

ಅತ್ತೆ ಬಂದರು. ಅವರು ಬಚ್ಚಲಿಗೆ ಹೋದಾಗಲೆಲ್ಲ ನಾನು ಹೊರಗೆ ನಿಂತು ಕಿವಿಗೊಡುತ್ತಿದ್ದೆ. ಅಟ್ಟದ ಏಣಿ ಕಿರ್ ಎಂದರೆ ಹಿಡಿದ ಪಾತ್ರೆ ಜಾರುತ್ತಿತ್ತು. ನನಗೆ ಊಟ ಸೇರದ್ದನ್ನು ಕಂಡು ಅತ್ತೆ ಬೇರೇನೋ ಎಣಿಸಿ, ಮಾವಿನ ಉಪ್ಪಿನಕಾಯಿ ಎರಡೆರಡು ಬಡಿಸಿ ಒಳಗೊಳಗೇ ನಕ್ಕರು. ಅದನ್ನು ಕಂಡು ಇನ್ನಷ್ಟು ಹೆದರಿದೆ. ಮೈದುನ ಫಿಲ್ಮಿನ ಡಬ್ಬಿ ಕಿಸೆಯಲ್ಲಿಟ್ಟುಕೊಂಡು ಸಿಳ್ಳೆ ಹೊಡೆಯುತ್ತ ತಿರುಗುತ್ತಿದ್ದ.

ಎರಡು ದಿನ ಕಳೆದು ಬೆಳಿಗ್ಗೆ ಬಟ್ಟೆ ಬಿಚ್ಚಿದೆ. ಅರ್ಧದಷ್ಟು ಕಾಳಿನಲ್ಲಿ ಬಿಳಿ ಮೊಳಕೆ, ಉಳಿದರ್ಧ ಸತ್ತಿತ್ತು. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ.

"ಎಂತ ಹೆಣ್ಣೇ ಅದ್?"

ಎಲ್ಲ ಹೇಳಿಬಿಟ್ಟೆ. ಅವರು ಮುಡಿಯನ್ನು ಕೆಳಗಿಳಿಸಿ, ಕತ್ತಿಯಿಂದ ಹಗ್ಗ ಕೊಯ್ದು ಚಾಪೆಯ ಮೇಲೆ ಬಿಡಿಸಿದರು. ಒಂದು ಬದಿಯ ಭತ್ತ ಮುಗ್ಗಿ ಕಪ್ಪಾಗಿತ್ತು. ಕೈ ಹಾಕಿ ಒಳಗಿನದನ್ನು ತೆಗೆದು, ಒಂದು ಕಾಳನ್ನು ಹಲ್ಲಲ್ಲಿ ಕಚ್ಚಿದರು. ಟಕ್ ಎಂದು ಒಡೆಯಿತು. ಒಳಗಿನದಕ್ಕೆ ಏನೂ ಆಗಿಲ್ಲ, ಗದ್ದೆಯ ಒಂದು ಮೂಲೆಗೆ ಮಾತ್ರ ಬೀಜ ಸಾಲದು ಎಂದರು.

ನನಗೆ ಉಸಿರು ಬಂತು. ಉಸಿರಿನ ಹಿಂದೆಯೇ ಬಾಯಿಯೂ ಬಂತು.

"ಎಂತದೇ ಆಯ್ಲಿ ಅತ್ತೆ, ಕ್ಯಾಮೆರಾ ಮಾತ್ರ ಒಂದ್ ಚೂರೂ ಅಲ್ಗಾಡ್ಲಿಲ್ಲೆ."

ಅವರು ಕೆಟ್ಟ ಭತ್ತವನ್ನೆಲ್ಲ ಬಾಚಿ ನನ್ನ ಸೆರಗಿಗೆ ಸುರಿದರು.

"ಹಂಗಾರೆ ಆ ಮೂಲೆಗ್ ಫೋಟೊನೇ ಬಿತ್ತ್. ಹಕ್ಕಿ ಬೆಳಿಲಿ. ಕೊಯ್ಲಿಗ್ ಮಾತ್ರ ಅದ್ರ ಹಿಂದೆ ನೀನೇ ಹಾರ್ಬೇಕ್."