ಕೆಂಪು ಗೆರೆಯಾಚೆ ‘ನಾನು’

ನಮ್ಮ ಕಡೆಯ ಜನಕ್ಕೆ ಒಂದು ಚಾಳಿಯಿದೆ, ನೀವೂ ಗಮನಿಸಿರುತ್ತೀರಿ. ಬಾಗಿಲು ತಟ್ಟಿದವರನ್ನು ‘ಯಾರು?’ ಎಂದು ಕೇಳಿದರೆ ‘ನಾನು’ ಎನ್ನುತ್ತಾರೆ. ಹೆಸರು ಹೇಳುವ ಮಾತೇ ಇಲ್ಲ. ಫೋನಿನಲ್ಲೂ ಅದೇ ಕತೆ. ‘ಯಾರು ಮಾತಾಡೋದು?’ ‘ನಾನು ಕಣಪ್ಪ.’ ‘ನಾನು ಅಂದ್ರೆ ಯಾರು?’ ‘ಅಯ್ಯೋ, ನಾನು ಕಣಯ್ಯ!’ ಎರಡನೇ ಸಲ ಹೇಳುವಾಗ ದನಿಯಲ್ಲಿ ಸಣ್ಣ ಸಿಟ್ಟು ಬೇರೆ ಇರುತ್ತದೆ. ಗುರುತು ಹಿಡಿಯದ ತಪ್ಪು ನಮ್ಮದು, ಅವರದಲ್ಲ. ಇಪ್ಪತ್ತಾರು ವರ್ಷ ಮಳವಳ್ಳಿಯಲ್ಲಿ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ನಾನು ಈ ಚಾಳಿಯನ್ನು ಬಿಡಬೇಕಿತ್ತು. ಬಿಡಲಿಲ್ಲ. ಅದರಿಂದಲೇ ಒಂದು ಸಲ ಸತ್ತೆ.

ಗಾಬರಿಯಾಗಬೇಡಿ, ಸತ್ತದ್ದು ಕಂಪ್ಯೂಟರಿನಲ್ಲಿ. ಐವತ್ತನಾಲ್ಕು ದಾಟಿದ ಕನ್ನಡ ಪಂಡಿತ, ಎರಡೂ ಕಣ್ಣಿಗೆ ಕನ್ನಡಕ, ಸೊಂಟಕ್ಕೆ ಬೆಲ್ಟು. ಸಂಜೆ ಶಾಲೆಯಿಂದ ಬಂದು ಕಾಫಿ ಕುಡಿದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬಂದೂಕಿನ ಆಟಕ್ಕೆ ಕೂರುತ್ತೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಸಂಧಿ ಸಮಾಸ ತಿದ್ದುವ ಕೈಯಲ್ಲಿ ಗುಂಡು ತುಂಬುವುದು ಶೋಭೆಯಲ್ಲ ಎಂದು ನನ್ನ ಹೆಂಡತಿ ವಿಮಲಾ ಎಷ್ಟೋ ಸಲ ಹೇಳಿದ್ದಾಳೆ. ಶೋಭೆ ಇರುವ ಕೆಲಸ ಜೀವನದಲ್ಲಿ ಇನ್ನೇನು ಮಾಡಿದ್ದೇನೆ ಎಂದು ಯೋಚಿಸಿ ಸುಮ್ಮನಾಗುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅದೊಂದು ಹಾಳುಬಿದ್ದ ಊರು. ಊರ ತುಂಬ ಯಂತ್ರದ ಪ್ರಾಣಿಗಳು. ದೇಶದ ಎಲ್ಲೆಲ್ಲಿಂದಲೋ ಬಂದ ಆಟಗಾರರು ಅವನ್ನು ಹೊಡೆದು, ಸಿಕ್ಕ ಸಾಮಾನನ್ನು ಚೀಲಕ್ಕೆ ತುಂಬಿಕೊಂಡು ಬರುತ್ತಾರೆ. ಅಲ್ಲಿ ಒಬ್ಬರನ್ನೊಬ್ಬರು ಹೊಡೆಯುವ ಹಾಗಿಲ್ಲ. ಆದರೆ ನಕ್ಷೆಯ ಒಂದು ಮೂಲೆಗೆ ಕೆಂಪು ಗೆರೆ ಎಳೆದಿದ್ದಾರೆ. ಗೆರೆ ದಾಟಿದರೆ ಮನುಷ್ಯ ಮನುಷ್ಯನನ್ನು ಹೊಡೆಯಬಹುದು. ಸತ್ತವನ ಚೀಲ ಹೊಡೆದವನಿಗೆ. ಅಲ್ಲಿ ಯಾರ ತಲೆಯ ಮೇಲೂ ಹೆಸರು ಕಾಣುವುದಿಲ್ಲ. ಸತ್ತಾಗ ಮಾತ್ರ ಯಾರು ಯಾರನ್ನು ಹೊಡೆದರು ಎಂದು ತೋರಿಸುತ್ತದೆ. ನಾವು ಮೈಕಿನಲ್ಲಿ ಆಡಿದ ಮಾತು ಹತ್ತಿರದಲ್ಲಿರುವವರಿಗೆ ಕೇಳಿಸುತ್ತದೆ. ಬುದ್ಧಿಯಿದ್ದವರು ಅಲ್ಲಿಗೆ ಮೂರು ನಾಲ್ಕು ಜನ ಸೇರಿ ಹೋಗುತ್ತಾರೆ. ನಾನು ಒಬ್ಬನೇ ಹೋಗುತ್ತೇನೆ.

ಮೊದಲು ಹೀಗಿರಲಿಲ್ಲ. ಮರೀಗೌಡ ಇದ್ದ.

ಮರೀಗೌಡ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು. ಹಲಗೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಅವನ ಗಂಟಲು ಎಂದರೆ ಗಂಟಲು! ಪ್ರಾರ್ಥನೆಯ ಹೊತ್ತಿಗೆ ‘ಸಾವಧಾನ್’ ಎಂದರೆ ಮಕ್ಕಳಿರಲಿ, ಕಾಂಪೌಂಡಿನ ಹೊರಗೆ ಹೋಗುತ್ತಿದ್ದವರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಹೊರಟ ಬಸ್ಸನ್ನು ಕೂಗಿಯೇ ನಿಲ್ಲಿಸುತ್ತಿದ್ದ, ಓಡಿ ಹಿಡಿಯುವ ಅಭ್ಯಾಸ ಪಿ.ಟಿ. ಮೇಷ್ಟ್ರಿಗೇ ಇರಲಿಲ್ಲ. ಶಾಲೆಗಳ ಬಾಗಿಲು ಹಾಕಿದ್ದ ಆ ಸೋಂಕಿನ ಕಾಲದಲ್ಲಿ ಇಬ್ಬರೂ ಆನ್‌ಲೈನ್ ಪಾಠಕ್ಕೆಂದು ಕಂಪ್ಯೂಟರ್ ತಂದೆವು. ಆನ್‌ಲೈನಿನಲ್ಲಿ ಪಿ.ಟಿ. ಹೇಳಿಕೊಡುವುದು ಹೇಗೆ? ಅವನಿಗೆ ಕೆಲಸವಿರಲಿಲ್ಲ, ನನಗೆ ಕೇಳುವ ಮಕ್ಕಳಿರಲಿಲ್ಲ. ‘ಲೇ ಪಂಡಿತ, ಸುಮ್ಕೆ ಕೂತು ಏನ್ ಮಾಡೀಯೆ, ಬಾರ್ಲಾ’ ಎಂದು ಆಟಕ್ಕೆ ಎಳೆದ. ಶಾಲೆಗಳು ಬಾಗಿಲು ತೆಗೆದವು, ನಮ್ಮ ಆಟ ಮುಗಿಯಲಿಲ್ಲ. ಸಂಜೆ ಆರರಿಂದ ಏಳು, ಅವನು ಹಲಗೂರಿನಲ್ಲಿ, ನಾನು ಮಳವಳ್ಳಿಯಲ್ಲಿ, ಇಬ್ಬರೂ ಆ ಹಾಳೂರಿನಲ್ಲಿ.

ಕೆಂಪು ಗೆರೆಯಾಚೆಗೆ ಅವನದೇ ಒಂದು ಕಾನೂನು ಇತ್ತು. ಗದ್ದೆಗೆ ನೀರು ಕಟ್ಟಲು ಹೋಗುವವರ ಕಾನೂನು ಅದು. ಕಬ್ಬಿನ ಗದ್ದೆಯೊಳಗೆ ಸದ್ದಾದರೆ ಮೊದಲು ಕೂಗಬೇಕು: ‘ಯಾರ್ಲಾ ಅದು?’ ಮನುಷ್ಯನಾದರೆ ‘ನಾನು ಕಣ್ಲಾ’ ಎಂದು ಓಗೊಡುತ್ತಾನೆ. ದನಿ ಕೇಳಿದ ಕೂಡಲೇ ಇಂಥವನೆಂದು ಗೊತ್ತಾಗುತ್ತದೆ. ನೀರು ಕದಿಯಲು ಬಂದಿದ್ದರೂ ದಾಯಾದಿ ದಾಯಾದಿಯೇ. ‘ಮೂರ್ ಸಲ ಕೂಗು. ಮೂರ್ ಸಲಕ್ಕೂ ಓಗೊಡ್ನಿಲ್ಲ ಅಂದ್ರೆ ಅದು ಮನ್ಸ ಅಲ್ಲ ಕಣ್ಲಾ, ಕಾಡಂದಿ. ಒಡದಾಕ್ಬುಡು.’

ನೀವು ನಂಬುವುದಿಲ್ಲ, ಈ ಕಾನೂನು ಅಲ್ಲೂ ನಡೆಯಿತು. ಎಲ್ಲಿಯದೋ ಗೋಡೆಯ ಹಿಂದೆ ಅಡಗಿದ್ದವನಿಗೆ ಮರೀಗೌಡ ‘ಯಾರ್ಲಾ ಅದು?’ ಎಂದು ಗುಡುಗಿದರೆ ಭಾಷೆ ಬಾರದವನೂ ಏನೋ ಒಂದು ಉತ್ತರ ಕೊಡುತ್ತಿದ್ದ. ಒಮ್ಮೆ ದುದ್ದದ ಕಡೆಯ ಹುಡುಗರಿಬ್ಬರು ಸಿಕ್ಕಿದರು. ‘ಅಯ್ಯಯ್ಯೋ, ನಮ್ ಕಡೆಯವ್ರಾ! ಒಡೀಬ್ಯಾಡಿ ಕಣಣ್ಣೋ!’ ಎಂದು ಗೋಗರೆದರು. ಬಂದೂಕು ಕೆಳಗಿಟ್ಟು ನಾಲ್ಕೂ ಜನ ಕಾಲುವೆ ನೀರು ಯಾವಾಗ ಬಿಡುತ್ತಾರೆ ಎಂಬುದನ್ನೇ ಅರ್ಧ ಗಂಟೆ ಮಾತಾಡಿದೆವು. ಅಷ್ಟರಲ್ಲಿ ಇನ್ಯಾರೋ ಬಂದು ನಾಲ್ವರನ್ನೂ ಕೊಂದರು. ಪರವಾಗಿಲ್ಲ, ಮಾತು ಮುಗಿದಿತ್ತು.

ಹೋದ ವರ್ಷ ಮರೀಗೌಡನ ಗಂಟಲಲ್ಲಿ ಗಂಟಾಯಿತು. ದೊಡ್ಡಾಸ್ಪತ್ರೆಯವರು ನೋಡಿ, ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು. ತೆಗೆದರು. ಜೀವ ಉಳಿಯಿತು. ಈಗ ಅವನ ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ತೂತಿದೆ. ಅದರ ಮೇಲೆ ಯಾವಾಗಲೂ ಒಂದು ಟವೆಲ್ಲು. ಕತ್ತಿಗೆ ಒತ್ತಿ ಹಿಡಿದರೆ ಮಾತು ಬರುವ ಒಂದು ಯಂತ್ರ ಕೊಟ್ಟಿದ್ದರು. ಒಂದೇ ಸಲ ಒತ್ತಿದನಂತೆ. ‘ಮನೇಲಿದ್ದ ಮಗ ಎದ್ರುಕೊಂಡು ಅತ್ತುಬುಡ್ತು ಮೇಷ್ಟ್ರೇ’ ಎಂದು ಅವನ ಹೆಂಡತಿ ಜಯಮ್ಮ ನನಗೆ ಹೇಳಿದಳು. ಅದು ಅವನ ಮೊಮ್ಮಗು. ಅಂದಿನಿಂದ ಯಂತ್ರ ಬೀರುವಿನೊಳಗೆ.

ಅವನು ಶಾಲೆ ಬಿಟ್ಟ, ಬಸ್ಸು ಬಿಟ್ಟ, ಆಟ ಬಿಟ್ಟ. ನಾನು ಹೋದರೆ ಒಳಕೋಣೆಗೆ ಎದ್ದು ಹೋಗುತ್ತಿದ್ದ. ಎರಡು ಸಲ ಹಲಗೂರಿಗೆ ಹೋಗಿ, ಜಯಮ್ಮ ಕೊಟ್ಟ ಕಾಫಿ ಕುಡಿದು, ಮುಚ್ಚಿದ ಬಾಗಿಲನ್ನು ನೋಡಿಕೊಂಡು ವಾಪಸ್ಸು ಬಂದೆ.

ತರಗತಿಯಲ್ಲಿ ನಾನು ಹೇಳಿಕೊಡುವುದುಂಟು: ‘ನಾನು’ ಎಂಬುದು ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು’ ಪ್ರಥಮ ಪುರುಷ. ತನ್ನನ್ನು ತಾನೇ ಉತ್ತಮ ಎಂದು ಕರೆದುಕೊಂಡಿರುವ ‘ನಾನು’ವನ್ನು ಕಂಡು ಮಕ್ಕಳು ನಗುತ್ತಾರೆ, ನಾನೂ ನಗುತ್ತಿದ್ದೆ. ಒಬ್ಬನೇ ಕೆಂಪು ಗೆರೆ ದಾಟತೊಡಗಿದ ಮೇಲೆ ನಗು ಬರಲಿಲ್ಲ. ಅಲ್ಲಿ ಉತ್ತಮ ಪುರುಷನಾದ ನಾನಿದ್ದೇನೆ, ಗುರಿಯಿಟ್ಟುಕೊಂಡು ಎಲ್ಲೋ ಕೂತ ಪ್ರಥಮ ಪುರುಷನಿದ್ದಾನೆ. ನಡುವೆ ‘ನೀನು’ ಇಲ್ಲ. ‘ಲೇ ನೀನು’ ಎಂದು ಕರೆಯಲು ಒಬ್ಬನೂ ಇಲ್ಲದ ಜಾಗ ಎಂಥ ಜಾಗ ಎನ್ನುವುದು ಮೂವತ್ತು ಸಾವಿರ ಸಲ ಪುರುಷವಾಚಕ ಸರ್ವನಾಮ ಬಾಯಿಪಾಠ ಹೇಳಿಸಿದವನಿಗೂ ಹೊಳೆದಿರಲಿಲ್ಲ.

ಮತ್ತೆ ಯಾಕೆ ಹೋಗುತ್ತಿದ್ದೆ ಎಂದು ಕೇಳುತ್ತೀರಿ. ನನಗೆ ಮರೀಗೌಡ ವಾಪಸ್ಸು ಬೇಕಿತ್ತು, ಇನ್ನೇನು? ಒಳಕೋಣೆಯ ಬಾಗಿಲು ತೆಗೆಸಲು ನನ್ನಿಂದ ಆಗಲಿಲ್ಲ. ಆ ಹಾಳೂರಿಗಾದರೂ ಬರಬಹುದು ಎಂಬ ಆಸೆ. ದಿನಾ ಐದೂಮುಕ್ಕಾಲಿಗೆ ಅವನಿಗೊಂದು ಮೆಸೇಜು ಹಾಕುತ್ತಿದ್ದೆ: ‘ಆರು ಗಂಟೆಗೆ ಗೆರೆಯಾಚೆ, ಮುರಿದ ನೀರಿನ ಟ್ಯಾಂಕಿನ ಹತ್ತಿರ ಇರ್ತೀನಿ.’ ಓದಿದ ಗುರುತು ಬೀಳುತ್ತಿತ್ತು. ಉತ್ತರ ಬರುತ್ತಿರಲಿಲ್ಲ.

ಮೊದಲ ದಿನವೇ ಟ್ಯಾಂಕಿನ ಹಿಂದಿನಿಂದ ಯಾರೋ ಹಿಂದಿಯಲ್ಲಿ ‘ಕೌನ್ ಹೈ?’ ಎಂದ. ಮೈಯೆಲ್ಲ ಪುಳಕ. ಕೇಳುವವನಿದ್ದಾನಲ್ಲ! ಅಡಗಿದ್ದ ನಾನು ಎದ್ದು ನಿಂತು, ಬಾಗಿಲಲ್ಲಿ ನಿಂತ ನೆಂಟನ ಹಾಗೆ, ‘ನಾನು!’ ಎಂದೆ. ಕನ್ನಡದಲ್ಲಿ. ಅವನು ಎರಡನೇ ಸಲ ಕೇಳಲಿಲ್ಲ. ಮೊದಲೇ ಹೇಳಿದೆನಲ್ಲ, ಆ ಸಾವು ಇದು. ಯಾರ ಜೊತೆ ಮಾತಾಡಿದಿರಿ ಎಂದು ವಿಮಲಾ ಒಳಗಿನಿಂದ ಕೇಳಿದಳು. ಯಾರ ಜೊತೆಗೂ ಇಲ್ಲ ಎಂದೆ.

ಹೀಗೆ ಏಳೆಂಟು ವಾರ ಸತ್ತೆ. ಸತ್ತು ಸತ್ತು ಕೈ ಪಳಗಿತು. ಕಿವಿ ಚುರುಕಾಯಿತು, ಗುರಿ ಕೂಡಿತು. ಹೊಡೆಯುವುದು ಬಂತು. ಒಂಟಿಯಾಗಿ ತಿರುಗುವವನಿಗೆ ನಾಲ್ಕು ದಿನದಲ್ಲೇ ಎಲ್ಲರೂ ಕಾಡಂದಿಗಳಾಗಿ ಕಾಣುತ್ತಾರೆ ಎನ್ನುವುದು ನಿಜ, ನನ್ನ ಮೇಲಾಣೆ. ಆದರೂ ಕಾನೂನು ಮುರಿಯಲಿಲ್ಲ, ಮೂರು ಸಲ ಕೂಗಿಯೇ ಹೊಡೆಯುತ್ತಿದ್ದೆ. ಅದೊಂದು ಜಂಬ ನನಗೆ.

ಆವತ್ತು ಗುರುವಾರ. ಆರೂಕಾಲಿರಬೇಕು. ಟ್ಯಾಂಕಿನ ಕಂಬದ ಪಕ್ಕ, ಬಯಲಿನಲ್ಲೇ, ಒಬ್ಬ ನಿಂತಿದ್ದ. ಅಡಗಿಲ್ಲ, ಓಡಿಲ್ಲ. ಗೆರೆಯಾಚೆ ಯಾರೂ ಹಾಗೆ ನಿಲ್ಲುವುದಿಲ್ಲ. ನಿಂತರೆ ಅದು ಬಲೆಯೇ, ಹಿಂದೆ ಮೂವರು ಇರುತ್ತಾರೆ. ‘ಯಾರ್ಲಾ ಅದು?’ ಎಂದೆ. ಉತ್ತರವಿಲ್ಲ. ‘ಯಾರ್ಲಾ ಅದು?’ ಅವನು ನನ್ನ ಕಡೆ ತಿರುಗಿದ. ಬಂದೂಕು ಎತ್ತಲಿಲ್ಲ, ಮಾತೂ ಆಡಲಿಲ್ಲ. ಮೂರನೇ ಸಲ ಕೂಗಿದೆ. ನ್ಯಾಯವಾಗಿ, ಅವಸರವಿಲ್ಲದೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಕೂಗಿದೆ. ಓಗೊಡಲಿಲ್ಲ. ಹೊಡೆದೆ. ಒಂದೇ ಗುಂಡು.

ಅವನು ಬಿದ್ದ. ಪರದೆಯಲ್ಲಿ ಹೆಸರು ಮೂಡುವ ಮೊದಲೇ ಪಕ್ಕದಲ್ಲಿದ್ದ ಫೋನು ಟಿಣ್ ಎಂದಿತು. ಮರೀಗೌಡನ ಮೆಸೇಜು.

‘ನಾನು ಕಣ್ಲಾ.’

ಏನಾಯಿತು ಎಂದು ನಿಮಗೆ ಬಿಡಿಸಿ ಹೇಳಬೇಕೆ? ತಿಳಿಸದೆ ಮನೆಗೆ ಬಂದುಬಿಡುವುದು ನಮ್ಮ ಕಡೆ ಪ್ರೀತಿಯ ಲಕ್ಷಣ. ಹಾಗೆ ಬಂದಿದ್ದ. ನಾನು ಎರಡನೇ ಸಲ ಕೂಗಿದಾಗ ನನ್ನ ಕಡೆ ತಿರುಗಿ, ಕೀಲಿಮಣೆಯಿಂದ ಕೈ ತೆಗೆದು ಫೋನು ಎತ್ತಿಕೊಂಡಿದ್ದಾನೆ. ಬೆರಳು ದಪ್ಪ, ಕನ್ನಡ ಟೈಪಿಂಗು ನಿಧಾನ. ಅದಕ್ಕೇ ಅವನ ಬೊಂಬೆ ಬಯಲಿನಲ್ಲಿ ಅಲ್ಲಾಡದೆ ನಿಂತಿತ್ತು. ಎರಡು ಪದ. ನಾನು ಇನ್ನೊಂದು ಉಸಿರು ತಡೆದಿದ್ದರೆ ಸಾಕಾಗಿತ್ತು. ದನಿಯಿಲ್ಲದವನನ್ನು ದಿನಾ ಕರೆದವನು ನಾನೇ, ಬಂದವನ ಬಾಯಿಂದ ದನಿ ಬರಲಿಲ್ಲ ಎಂದು ಹೊಡೆದವನೂ ನಾನೇ. ಇದಕ್ಕಿಂತ ದೊಡ್ಡ ಮುಠ್ಠಾಳತನ ನನ್ನ ಜನ್ಮದಲ್ಲಿ ನಾನು ಮಾಡಿಲ್ಲ, ಮಾಡಿದ್ದು ಕಡಿಮೆಯೇನಲ್ಲ.

ತಪ್ಪಾಯ್ತು ಎಂದು ಹತ್ತು ಮೆಸೇಜು ಹಾಕಿದೆ. ಓದಿದ ಗುರುತೂ ಬೀಳಲಿಲ್ಲ.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಹಲಗೂರಿಗೆ ಹೋದೆ. ಈ ಸಲ ಅವನು ಒಳಗೆ ಎದ್ದು ಹೋಗಲಿಲ್ಲ. ಜಗಲಿಯ ಮೇಲೆ ಕತ್ತಿಗೆ ಟವೆಲ್ಲು ಸುತ್ತಿ ಕೂತಿದ್ದ. ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಜಯಮ್ಮ ಬಾಗಿಲಲ್ಲಿ ನಿಂತು, ‘ಗುರುವಾರ ಸಂದೆ ಎಷ್ಟೋ ದಿಸಕ್ಕೆ ನಗ್ತಾ ನಗ್ತಾ ಕಂಪೂಟ್ರು ಮುಂದ್ಕೆ ಓದ್ರು ಮೇಷ್ಟ್ರೇ, ಐದ್ ನಿಮಿಸಕ್ಕೆ ಆರ್ಸ್‌ಬುಟ್ಟು ಮನೀಕಂಡ್ರು. ಏನಾಯ್ತು?’ ಎಂದಳು. ಕಾಫಿ ಕೊಡಿ ಎಂದು ಅವಳನ್ನು ಒಳಗೆ ಕಳಿಸಿದೆ.

‘ಮರೀಗೌಡ, ನಂಗೆ ಗೊತ್ತಾಗ್ಲಿಲ್ಲ ಕಣ್ಲಾ’ ಎಂದೆ. ಅವನು ಫೋನು ತೆಗೆದು ಒತ್ತತೊಡಗಿದ. ನಾನು ಕಾದೆ. ಕಾಯುವುದನ್ನು ಕಲಿಯಲು ಒಳ್ಳೆಯ ದಿನ ಹುಡುಕಿದ್ದೆ!

‘ಮೂರ್ ಸಲ ಕೂಗ್ದೆ. ಸರಿಯಾಗೇ ಮಾಡ್ದೆ ಬುಡು.’

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇನ್ನೊಂದು ಸಲ ಬಾ, ಏನಾದರೂ ಸನ್ನೆ ಮಾಡಿಕೊಳ್ಳೋಣ, ಎರಡು ಸಲ ಕೂತು ಎದ್ದರೆ ನೀನೇ ಅಂತ ತಿಳಿದುಕೊಳ್ತೀನಿ, ಪಿ.ಟಿ. ಮೇಷ್ಟ್ರಿಗೆ ಬಸ್ಕಿ ಕಷ್ಟವೇನ್ಲಾ ಎಂದೆಲ್ಲ ಹಲುಬಿದೆ. ನಗಲಿಲ್ಲ. ಬಹಳ ಹೊತ್ತು ಒತ್ತಿದ, ಅಳಿಸಿದ, ಮತ್ತೆ ಒತ್ತಿದ. ಕೊನೆಗೆ ಫೋನು ನನ್ನ ಕೈಗೆ ಕೊಟ್ಟ.

‘ಅಲ್ಲಾದ್ರೆ ಕತ್ತು ಕಾಣಾಕಿಲ್ಲ ಅಂತ ಬಂದೆ ಕಣ್ಲಾ. ಅಲ್ಲೂ ಕಾಣ್ತದೆ. ಇನ್ ಬ್ಯಾಡ.’

ಮಳವಳ್ಳಿಯ ಬಸ್ಸು ಬರುವವರೆಗೂ ಇಬ್ಬರೂ ಕೂತಿದ್ದೆವು.

ಈಗಲೂ ಆರು ಗಂಟೆಗೆ ಹೋಗುತ್ತೇನೆ. ಮಾತಾಡುತ್ತಾ ಬರುವವರನ್ನು ಕಂಡರೆ ಪಕ್ಕಕ್ಕೆ ಸರಿದು ಅಡಗುತ್ತೇನೆ. ಮಾತಾಡದೆ ಬಂದವನು ಎದುರಾದರೆ ಕೂಗುವುದಿಲ್ಲ. ಬಂದೂಕು ಕೆಳಗಿಡುತ್ತೇನೆ, ಎದುರಿಗೆ ಹೋಗಿ ನಿಲ್ಲುತ್ತೇನೆ, ಅವನಿಗೆ ಏನಾದರೂ ಬರೆಯುವುದಿದ್ದರೆ ಬರೆದುಕೊಳ್ಳಲಿ ಎಂದು ಎಷ್ಟು ಹೊತ್ತು ಬೇಕಾದರೂ ಕಾಯುತ್ತೇನೆ. ಬಹಳ ಜನ ಕಾಯುವುದಿಲ್ಲ, ಹೊಡೆದುಬಿಡುತ್ತಾರೆ. ಬಿದ್ದ ಮೇಲೆ ಪರದೆಯಲ್ಲಿ ಹೊಡೆದವನ ಹೆಸರು ಮೂಡುತ್ತದೆ. ಕನ್ನಡಕ ಒರೆಸಿಕೊಂಡು ಓದುತ್ತೇನೆ. ಇವತ್ತಿನವರೆಗೆ ನನ್ನನ್ನು ಹೊಡೆದವರಲ್ಲಿ ಒಬ್ಬನೂ ಮರೀಗೌಡ ಅಲ್ಲ.